ಮೂರನೆಯವಳು

1997ರಲ್ಲಿ ಡಯಾನಾ ಹೇಡನ್ ವಿಶ್ವಸುಂದರಿಯಾದಾಗ ನಾನು ಹೈದರಾಬಾದಿಗೆ ಬಂದು ವರ್ಷವೂ ಆಗಿರಲಿಲ್ಲ. ಗೆದ್ದವಳು ಇದೇ ಊರಿನಲ್ಲಿ ಹುಟ್ಟಿದ ಹುಡುಗಿ. ಕಿರಾಣಿ ಅಂಗಡಿಯಿಂದ ಹಿಡಿದು ಮನೆ ಮಾಲೀಕರವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಹಿಂದಿನ ವರ್ಷ ಸ್ಪರ್ಧೆ ನಮ್ಮ ಬೆಂಗಳೂರಿನಲ್ಲೇ ನಡೆದು ಎಷ್ಟು ಗಲಾಟೆಯಾಗಿತ್ತೆಂದು ನಿಮಗೂ ನೆನಪಿರಬಹುದು. ಈಜುಡುಗೆಯ ಸುತ್ತನ್ನು ಸೇಶಲ್ಸ್‌ಗೆ ಸಾಗಹಾಕಿದ್ದರು. 97ರ ಇಡೀ ಸ್ಪರ್ಧೆಯೇ ಅಲ್ಲಿ ನಡೆಯಿತು. ಮೂರನೆಯವಳಾಗಿ ನಿಂತ ದಕ್ಷಿಣ ಆಫ್ರಿಕಾದ ಹುಡುಗಿ ಯಾರೆಂದು ನಮಗ್ಯಾರಿಗೂ ಬೇಕಿರಲಿಲ್ಲ.

ಆಕೆ ಜೆಸಿಕಾ ಮೊಟೌಂಗ್. ಈಗ ಆಕೆಯನ್ನು ಕೈಜರ್ ಚೀಫ್ಸ್ ಫುಟ್‌ಬಾಲ್ ಕ್ಲಬ್ಬಿನ ಮಾರ್ಕೆಟಿಂಗ್ ನಿರ್ದೇಶಕಿ ಎಂದು ಬಲ್ಲವರೇ ಹೆಚ್ಚು. ಅಪ್ಪ ಕೈಜರ್ ಮೊಟೌಂಗ್ ಅಮೆರಿಕದಲ್ಲಿ ಅಟ್ಲಾಂಟಾ ಚೀಫ್ಸ್ ಪರ ಆಡಿ ಬಂದು, 1970ರಲ್ಲಿ, ವರ್ಣಭೇದದ ದಿನಗಳಲ್ಲೇ, ಸೊವೆಟೊದಲ್ಲಿ ತನ್ನ ಹೆಸರಿಗೆ ಆ ಚೀಫ್ಸ್ ಸೇರಿಸಿ ಕಟ್ಟಿದ ತಂಡ ಅದು. (ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡ್ ಕೂಡ ಇದೇ ಹೆಸರನ್ನು ಎರವಲು ಪಡೆದಿದೆ. ಮಗಳು ಆ ಬ್ಯಾಂಡಿನ ಹಾಡು ಹಾಕಿದ್ದರಿಂದಲೇ ನನಗೆ ಈ ಕಥೆಯೆಲ್ಲ ಸಿಕ್ಕಿದ್ದು.)

ಅಪ್ಪನ ಕ್ಲಬ್ಬು, ಮಗಳಿಗೆ ಕುರ್ಚಿ. ಇದರಲ್ಲೇನು ದೊಡ್ಡಸ್ತಿಕೆ ಎಂದು ಕೇಳಿದರೆ ನ್ಯಾಯವೇ. ಆದರೆ ಅಣ್ಣತಮ್ಮಂದಿರೂ ಅದೇ ಬಾಗಿಲಿನಿಂದ ಒಳಗೆ ಬಂದವರು: ಬಾಬಿ ಫುಟ್‌ಬಾಲ್ ಮ್ಯಾನೇಜರ್, ಕೈಜರ್ ಜೂನಿಯರ್ ಕ್ರೀಡಾ ನಿರ್ದೇಶಕ. ಅವರ ಹೆಸರಿನ ಹಿಂದೆ ಯಾವ ಬಾಲವೂ ಇಲ್ಲ. ನಾನು ಓದಿದ ಕಡೆಯಲ್ಲೆಲ್ಲ 'ಮಾಜಿ ಸುಂದರಿ' ಅನ್ನುವುದು ಅಕ್ಕತಂಗಿಗೆ ಮಾತ್ರ ಅಂಟಿಕೊಂಡಿದೆ. ಔಷಧ ಕಂಪನಿಯೊಂದರ ಮಾರಾಟ ವಿಭಾಗದಲ್ಲಿ ಹದಿನೆಂಟು ವರ್ಷ ಡಾಕ್ಟರುಗಳ ಬಾಗಿಲು ಕಾದು ನಾನು ರೀಜನಲ್ ಮ್ಯಾನೇಜರ್ ಆದಾಗ, ಪಕ್ಕದ ಮೇಜಿನಿಂದ "ನಗುಮುಖಕ್ಕೆ ಸಿಕ್ಕಿದ್ದು" ಅನ್ನುವ ಮಾತು ಕಿವಿಗೆ ಬಿದ್ದಿತ್ತು. ನಾನಂತೂ ಯಾವ ಕಿರೀಟವನ್ನೂ ಗೆದ್ದವಳಲ್ಲ!

ಮಾರುವವಳ ಕಣ್ಣಿಂದ ನೋಡಿದರೆ ನನಗೆ ಆ ಕಿರೀಟಕ್ಕಿಂತ ಕುತೂಹಲ ಆಮೇಲಿನ ಹತ್ತು ವರ್ಷದ ಮೇಲೆ. 2015ರಲ್ಲಿ ಲೀಗ್ ಗೆದ್ದ ಚೀಫ್ಸ್‌ಗೆ ಆಮೇಲೆ ಒಂದೇ ಒಂದು ಕಪ್ ಸಿಗಲಿಲ್ಲ. 2021ರಲ್ಲಿ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೆ ಹೋಗಿ ಈಜಿಪ್ಟಿನ ಅಲ್ ಅಹ್ಲಿ ಎದುರು 3-0 ಸೋಲು. ನಮ್ಮ ಸರಕು ಬೇರೆ. ಕಾಯಿಲೆ ಇರುವತನಕ ಮಾತ್ರೆ ಖರ್ಚಾಗುತ್ತದೆ. ಸೋಲುವ ತಂಡದ ಅಂಗಿಯನ್ನು ಮಾರುವುದು ಹೇಗೆ? ತವರಿನ ಎಫ್‌ಎನ್‌ಬಿ ಕ್ರೀಡಾಂಗಣವೋ, ಸುಮಾರು 94,000 ಜನ ಹಿಡಿಯುವಂಥದ್ದು. ಖಾಲಿ ಕುರ್ಚಿಗಳನ್ನು ಕ್ಯಾಮೆರಾ ಮುಚ್ಚಿಡುವುದಿಲ್ಲ. ಪ್ರಾಯೋಜಕರು ಬರುವುದು ಜನ ಇರುವಲ್ಲಿಗೆ, ಜನ ಬರುವುದು ಗೆಲ್ಲುವಲ್ಲಿಗೆ. ಗೆಲ್ಲಿಸುವುದು ಮಾತ್ರ ಮಾರ್ಕೆಟಿಂಗ್‌ನವರ ಕೈಯಲ್ಲಿಲ್ಲ. ಹತ್ತು ವರ್ಷ ಆ ಮೇಜಿನ ಹಿಂದೆ ಕೂರುವುದಕ್ಕೆ ಅಪ್ಪನ ಹೆಸರೂ ಸಾಲದು, ಮುಖವೂ ಸಾಲದು ಅಂತ ನನ್ನ ಲೆಕ್ಕ.

2025ರ ಮೇ 10ರಂದು ಡರ್ಬನ್ನಿನಲ್ಲಿ, ಬದ್ಧ ಎದುರಾಳಿ ಒರ್ಲಾಂಡೊ ಪೈರೇಟ್ಸ್ ವಿರುದ್ಧ 2-1ರಿಂದ ಗೆದ್ದು ಚೀಫ್ಸ್ ನೆಡ್‌ಬ್ಯಾಂಕ್ ಕಪ್ ಎತ್ತಿತು. ಮಗಳು ಗೋಲುಗಳ ವಿಡಿಯೊ ತೋರಿಸುತ್ತಿದ್ದಳು. ನನ್ನ ತಲೆಯಲ್ಲಿ ಓಡುತ್ತಿದ್ದುದು, ಸೋಮವಾರ ಬೆಳಿಗ್ಗೆ ಅಂಗಡಿ ತೆರೆದಾಗ ಕಪ್ಪು-ಬಂಗಾರದ ಬಣ್ಣದ ಅಂಗಿಗಳು ಎಷ್ಟು ಉಳಿದಿದ್ದಾವು ಎಂಬ ಲೆಕ್ಕ.