ಪಡಸಾಲೆಗೊಂದು ಸೋಫಾ

ನಮ್ಮ ಪಡಸಾಲೆಯಲ್ಲಿ ಒಂದು ಸೋಫಾ ಇರಬೇಕೆಂಬ ಮಾತು ಮೊದಲು ಹೊರಟುದು ಮಗನ ಲಗ್ನದ ಮರುತಿಂಗಳು. ಬೀಗರು ಬರುವವರಿದ್ದರು. ಅವರು ಪಟ್ಟಣದವರು, ಅಂಥವರನ್ನು ಕಟ್ಟೆಯ ಮೇಲೆ ಜಮಖಾನೆ ಹಾಸಿ ಕೂಡ್ರಿಸುವದು ಹೇಗೆಂದು ಮಗನಿಗೆ ಸಂಕೋಚ. ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯ ಕಟ್ಟಿಗೆಯ ಕುರ್ಚಿಯ ಮೇಲೆ ಕುಳಿತು ಸವೆದ ದೇಹವನ್ನು ಮೆತ್ತಗಿನ ಆಸನವೊಂದರ ಮೇಲೆ ಇರಿಸುವ ಆಸೆ ನಮಗೂ ಇರಲಿಲ್ಲವೆಂದರೆ ಸುಳ್ಳಾದೀತು. ಹೀಗಾಗಿ ಯಾವ ಮನೆಗೆ, ಯಾವ ಹವೆಗೆ, ಯಾರ ಮೈಗೆ ಎಂಬ ವಿಚಾರವನ್ನೇ ಮಾಡದೆ, ಅಂಗಡಿಯ ದೀಪದ ಬೆಳಕಿನಲ್ಲಿ ಚೆಲುವಾಗಿ ಕಂಡುದೊಂದು ‘ಸೆಟ್ಟ’ನ್ನು ಕೊಂಡುತಂದೆವು. ಮೂವರು ಕೂಡ್ರುವ ಆಸನ ಒಂದು, ಒಬ್ಬೊಬ್ಬರು ಕೂಡ್ರುವವು ಎರಡು, ಎಲ್ಲಕ್ಕೂ ಕಂದುಬಣ್ಣದ ರೆಕ್ಸಿನ್ ಹೊದಿಕೆ. ಈ ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಇಲ್ಲಿ ಬರೆಯುವೆವು. ಇಂಥ ಖರ್ಚಿಗೆ ಕೈ ಹಾಕಬೇಕೆಂದಿರುವ ಗೃಹಸ್ಥರಿಗೂ ಗೃಹಿಣಿಯರಿಗೂ ಉಪಯೋಗವಾದರೂ ಆದೀತು.

ನಮ್ಮದು ಸಂಶಿಯ ಹಳೆಯ ಮನೆಗಳ ಮಾದರಿಯದು. ದಪ್ಪನಾದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಗೊಂದು ಬೆಳಕಿಂಡಿ, ತಲೆ ಬಾಗಿಸಿಯೇ ಬರಬೇಕಾದ ಮುಂಬಾಗಿಲು. ಆ ಬಾಗಿಲಿನ ಅಗಲ ೨೯ ಅಂಗುಲ. ಇದನ್ನು ನಾವು ಅಳೆದುದು ಗಾಡಿಯಿಂದ ಸೋಫಾ ಇಳಿಸಿದ ಮೇಲೆ! ಮಕ್ಕಳಿಗೆ ಅಳತೆಯ ಲೆಕ್ಕ ಕಲಿಸಿದವರು ಮಾಡುವ ಕೆಲಸ ಇದಲ್ಲ. ದೊಡ್ಡ ಆಸನದ ಆಳ ೩೪ ಅಂಗುಲ, ಎತ್ತರ ೩೩. ನೆಟ್ಟಗೆ ಹೋಗಲಿಲ್ಲ, ಅಡ್ಡ ಹೋಗಲಿಲ್ಲ, ಓರೆ ಮಾಡಿದರೆ ಬೆನ್ನು ಸಿಕ್ಕಿಕೊಂಡಿತು. ಓಣಿಯ ಜನ ಕೂಡಿ ಒಬ್ಬೊಬ್ಬರು ಒಂದೊಂದು ಉಪಾಯ ಹೇಳತೊಡಗಿದರು. ಕೊನೆಗೆ ಮಗನು ಬಾಗಿಲ ಚೌಕಟ್ಟನ್ನೇ ಕೀಳಿಸೋಣವೆಂದನು. ಅಷ್ಟರವರೆಗೆ ಸುಮ್ಮನಿದ್ದ ನಮ್ಮ ತಾಯಿಯವರು ಒಳಗಿನಿಂದಲೇ, “ಹೊಸ್ತಿಲಾ ಕಿತ್ತು ಕುರ್ಚಿ ಒಳಗ ತರ್ತೀಯೇನೋ ತಮ್ಮಾ?” ಎಂದು ಕೇಳಿದರು. ಆ ಮಾತು ಅಲ್ಲಿಗೆ ಮುಗಿಯಿತು. ಹಿತ್ತಲಲ್ಲಿ ಒಂದು ಕಾಲಕ್ಕೆ ಎತ್ತುಗಳು ಬರುತ್ತಿದ್ದ ಅಗಲವಾದ ಬಾಗಿಲಿದೆ. ಬೀಗರಿಗಾಗಿ ತಂದ ಸಿಂಹಾಸನವು ಎತ್ತುಗಳ ದಾರಿಯಿಂದಲೇ ಮನೆಯನ್ನು ಸೇರಿತು. ಆದುದರಿಂದ ಸೋಫಾ ಕೊಳ್ಳುವವರು ಇಡುವ ಜಾಗವನ್ನಷ್ಟೇ ಅಳೆಯದೆ, ಅದು ಹಾದುಬರುವ ಬಾಗಿಲು, ತಿರುವು, ಮೆಟ್ಟಿಲುಗಳನ್ನೂ ಅಳೆಯತಕ್ಕದ್ದು.

ಬೀಗರು ಬಂದರು, ಕುಳಿತರು. ವೈಶಾಖದ ಮಧ್ಯಾಹ್ನ. ನಮ್ಮ ಎರೆಯ ಸೀಮೆಯ ಬೇಸಿಗೆ ಹೇಗಿರುವದೆಂಬದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊರಗೆ ೩೮ ಅಂಶದ ಬಿಸಿಲಿದ್ದಾಗಲೂ ಮಣ್ಣಿನ ಗೋಡೆಯ ಒಳಗೆ ಮೈಗೆ ಹಿತವಿರುತ್ತದೆ. ಆದರೆ ರೆಕ್ಸಿನ್ ಎಂಬದು ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್ಕು. ಅದರೊಳಗಿಂದ ಗಾಳಿಯೂ ಹೋಗದು, ಬೆವರೂ ಇಂಗದು. ಹತ್ತು ನಿಮಿಷಗಳಲ್ಲಿ ಬೀಗರ ಅಂಗಿ ಬೆನ್ನಿಗೂ ಬೆನ್ನು ಸೋಫಾಕ್ಕೂ ಅಂಟಿಕೊಂಡಿತು. ಕಾಲುಗಂಟೆ ಸಹಿಸಿಕೊಂಡರು, ಬಳಿಕ ತಾವಾಗಿಯೇ ಎದ್ದು, “ಒಂದು ಜಮಖಾನಿ ಇದ್ರ ಹಾಸ್ರಿ, ಇಲ್ಲೇ ಕೆಳಗ ಆರಾಮ ಕೂಡೋಣು” ಎಂದರು. ಮಗನ ಮುಖವನ್ನು ನಾವು ನೋಡಲಿಲ್ಲ.

ಎರಡನೆಯ ವರ್ಷಕ್ಕೆ ಆ ಹೊದಿಕೆ ಹಾವಿನ ಪೊರೆಯಂತೆ ಸುಲಿಯಹತ್ತಿತು. ಆಸನದ ಕೆಳಭಾಗ ನೆಲಕ್ಕೆ ಮುಟ್ಟುವಂತಿದ್ದುದರಿಂದ ಕಸಬರಿಗೆ ಒಳಗೆ ಹೋಗದು. ಇಲಿಗಳು ಮಾತ್ರ ಹೋಗಿ ಸಂಸಾರ ಹೂಡಿದವು. ಇವೆಲ್ಲ ಸಣ್ಣ ತೊಂದರೆಗಳು. ದೊಡ್ಡವು ಎರಡು.

ಮೊದಲನೆಯದು ನಮ್ಮ ಮನೆಯಾಕೆಯ ಮೊಣಕಾಲು. ಆಕೆಗೆ ಐದಾರು ವರ್ಷಗಳಿಂದ ಸಂಧಿವಾತವಿದೆ. ನೆಲದ ಮೇಲೆ ಕೂಡ್ರಲಾಗದು. ಸೋಫಾ ಬಂದರೆ ಆಕೆಗೆ ಸುಖವಾದೀತೆಂಬದೇ ನಮ್ಮ ಮನಸ್ಸಿನಲ್ಲಿದ್ದ ಮುಖ್ಯ ಕಾರಣ. ಆದರೆ ಈ ಆಸನದ ಎತ್ತರವೇ ೧೫ ಅಂಗುಲ. ಕುಳಿತೊಡನೆ ಸ್ಪಂಜು ಕುಸಿದು ೧೨ಕ್ಕೆ ಇಳಿಯುವದು. ಸೊಂಟವು ಮೊಣಕಾಲಿಗಿಂತ ಕೆಳಗೆ ಹೋಯಿತೆಂದರೆ ಏಳುವಾಗ ದೇಹದ ಭಾರವೆಲ್ಲ ಆ ಮೊಣಕಾಲಿನ ಮೇಲೆಯೇ ಬೀಳುವದು. “ಇದರಾಗ ಕೂತ್ರ ಏಳೂದು ಹ್ಯಾಂಗ್ರೀ?” ಎಂದು ಮೊದಲ ದಿನವೇ ಕೇಳಿದ್ದಳು. ನಾವು ನಕ್ಕೆವು. ಒಂದು ಸಂಜೆ ನಾವು ಪೇಟೆಯಿಂದ ಬರುವಷ್ಟರಲ್ಲಿ ಆಕೆ ಕತ್ತಲೆಯಲ್ಲಿ ಅಲ್ಲಿಯೇ ಕುಳಿತಿದ್ದಳು. ದೀಪ ಹಚ್ಚಲು ಏಳಬೇಕೆಂದು ಎರಡು ಸಲ ಯತ್ನಿಸಿ, ಆಗದೆ, ತಾಯಿಯವರನ್ನು ಕರೆದರೆ ಗಾಬರಿಯಾದಾರೆಂದು ಸುಮ್ಮನಿದ್ದಳಂತೆ. ಆ ದಿನದಿಂದ ನಾವು ನಗಲಿಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಸೋಫಾ ಇಡಲು ಬೇರೆ ಜಾಗವಿಲ್ಲದೆ ಕಟ್ಟೆಯ ಮುಂದೆಯೇ ಇಟ್ಟಿದ್ದೆವು. ಕಟ್ಟೆ ಮರೆಯಾಗಿ, ಅದರ ಮೇಲೆ ಹಳೆಯ ಪತ್ರಿಕೆಗಳೂ ಖಾಲಿ ಡಬ್ಬಿಗಳೂ ಏರಿದವು. ನಮ್ಮ ಹೊಲವನ್ನು ಪಾಲಿಗೆ ಮಾಡುವ ರೈತನೊಬ್ಬನಿದ್ದಾನೆ. ನಮಗಿಂತ ನಾಲ್ಕು ವರ್ಷ ಹಿರಿಯ. ಬಂದಾಗಲೆಲ್ಲ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಹೋಗುತ್ತಿದ್ದವನು ಆ ವರ್ಷ ಬಾಗಿಲಲ್ಲಿಯೇ ನಿಂತು ಮಾತು ಮುಗಿಸತೊಡಗಿದನು. ಕೂಡ್ರೆಂದರೆ, “ಇರ್ಲಿ ಬಿಡ್ರಿ ಮಾಸ್ತರ, ಅರಿವ್ಯಾಗ ಮಣ್ಣೈತಿ” ಎನ್ನುವನು.

ನಮ್ಮ ಅಜ್ಜನವರ ಕಾಲದಲ್ಲಿ ಆ ಕಟ್ಟೆಯ ಮೇಲೆ ಎಲ್ಲರೂ ಕೂಡ್ರುತ್ತಿರಲಿಲ್ಲ. ಯಾರು ಮೇಲೆ, ಯಾರು ಕೆಳಗೆ, ಯಾರು ಅಂಗಳದಲ್ಲಿ ಎಂಬದು ಯಾರೂ ಹೇಳದೆ ತಿಳಿಯುವ ವಿಷಯವಾಗಿತ್ತು. ಹಳೆಯದನ್ನೆಲ್ಲ ಹೊಗಳುವವರು ಇದನ್ನು ಮರೆಯಬಾರದು. ಅದನ್ನು ಮುರಿದವರು ನಮ್ಮ ತಂದೆಯವರು. ಭಾಷಣ ಮಾಡಿ ಮುರಿಯಲಿಲ್ಲ. ಬಂದವನು ಯಾರೇ ಇರಲಿ, ತಮ್ಮ ಬದಿಯ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿ ತೋರಿಸುತ್ತಿದ್ದರು, ಅಷ್ಟೇ. ಅವರು ಹೀಗೆ ತಟ್ಟಿ ತಟ್ಟಿ ಮಾಡಿದ ಕೆಲಸವನ್ನು ನಾವು ಕಂತಿನ ಮೇಲೆ ತಂದ ಒಂದು ಸೋಫಾ ಎರಡು ವರ್ಷಗಳಲ್ಲಿ ಹಿಂದಕ್ಕೆ ತಿರುಗಿಸಿತ್ತು.

ಇದು ಮನಸ್ಸಿಗೆ ನಾಟಿದ ಮೇಲೆ, ಶಬ್ದಗಳ ಬೆನ್ನು ಹತ್ತುವ ನಮ್ಮ ಹಳೆಯ ಚಟದಂತೆ, ಸೋಫಾ ಎಂಬ ಶಬ್ದದ ಮೂಲವನ್ನು ನೋಡಿದೆವು. ಅದು ಅರಬ್ಬೀ ಭಾಷೆಯ ‘ಸುಫ್ಫಾ’. ಅದರ ಅರ್ಥ ಕುರ್ಚಿಯಲ್ಲ, ಗಾದಿಯಲ್ಲ. ನೆಲದಿಂದ ತುಸು ಎತ್ತರಿಸಿ ಕಟ್ಟಿ, ಹಾಸು ಹಾಸಿ, ಜನ ಕೂಡ್ರುವ ಜಗಲಿ. ಅಂದರೆ ನಮ್ಮ ಕಟ್ಟೆಯೇ! ತುರ್ಕರ ಮುಖಾಂತರ ಯುರೋಪಿಗೆ ಹೋಗಿ, ಅಲ್ಲಿ ಕಾಲು, ಬೆನ್ನು, ತೋಳುಗಳನ್ನು ಪಡೆದು, ಸೋಫಾ ಎಂಬ ಹೆಸರಿನಿಂದ ಅದು ತಿರುಗಿ ನಮ್ಮ ಮನೆಗೆ ಬಂದು ಕಟ್ಟೆಯ ಮುಂದೆಯೇ ಕುಳಿತಿತು. ಕುರ್ಚಿಯೂ ಅರಬ್ಬೀ ಮೂಲದ್ದೇ. ಪಲ್ಲಂಗ ಮಾತ್ರ ನಮ್ಮ ಪರ್ಯಂಕದ ಮಗ.

ನಮ್ಮ ಹಿಂದಿನವರು ಆಸನದ ವಿಚಾರವನ್ನು ಹಗುರಾಗಿ ತಿಳಿದಿರಲಿಲ್ಲ. ಐತರೇಯ ಬ್ರಾಹ್ಮಣದಲ್ಲಿ ರಾಜನ ಅಭಿಷೇಕಕ್ಕೆ ಹೇಳಿದ ‘ಆಸಂದೀ’ ಎಂಬ ಪೀಠವನ್ನು ನೋಡಿರಿ: ಮರ ಅತ್ತಿಯದು, ಕಾಲುಗಳು ಒಂದು ಗೇಣು, ನೇಯ್ಗೆ ಮುಂಜೆಯ ಹುಲ್ಲಿನದು. ಇಂದಿನ ಬಡಿಗನು ಕೇಳುವ ಪ್ರಶ್ನೆಗಳಿಗೆಲ್ಲ ಅಲ್ಲಿ ಉತ್ತರವಿದೆ. ನೇಯ್ದ ಆಸನದಲ್ಲಿ ಗಾಳಿಯಾಡುವದೆಂಬದು ಹೊರಸಿನ ಮೇಲೆ ಮಲಗಿದವರಿಗೆಲ್ಲ ಗೊತ್ತು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯನಾಸನಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಒಳ್ಳೆಯ ಮರಗಳಲ್ಲಿ ಶಾಕವನ್ನೂ (ಅದು ನಮ್ಮ ಸಾಗವಾನಿ), ಅಶೋಕವನದಲ್ಲಿ ಸೀತೆಗೆ ನೆರಳಾದ ಶಿಂಶಪೆಯನ್ನೂ ಹೆಸರಿಸುತ್ತಾನೆ. ಸಿಡಿಲು ಬಡಿದುದು, ಗಾಳಿಗೆ ಬಿದ್ದುದು, ಜೇನು ಕಟ್ಟಿದುದು ಬೇಡವೆನ್ನುತ್ತಾನೆ. ಅವನು ಅಶುಭವೆಂದುದರಲ್ಲಿ ಅರ್ಧವನ್ನಾದರೂ ಬಡಿಗನು ಪೊಳ್ಳು ಅಥವಾ ಹುಳುಕು ಎಂದು ಕರೆದಾನು.

ನಾವೂ ಬಡಿಗನನ್ನೇ ಕರೆಸಿದೆವು. ಮರವು ಮನೆಯಲ್ಲಿಯೇ ಇದ್ದಿತು. ೨೦೧೯ರ ಆಗಸ್ಟ್ ತಿಂಗಳ ಮಳೆಯಲ್ಲಿ ಈ ಭಾಗದ ಎಷ್ಟೋ ಮಣ್ಣಿನ ಮನೆಗಳು ಬಿದ್ದವು; ನಮ್ಮ ದನದ ಮನೆಯ ಒಂದು ಗೋಡೆಯೂ ಕುಸಿದು, ಸಾಗವಾನಿಯ ಎರಡು ತೊಲೆಗಳು ಇಳಿದಿದ್ದವು. ನೀರಿಗೆ ಬಿದ್ದ ಮರವೆಂದು ವರಾಹಮಿಹಿರನು ಒಪ್ಪುತ್ತಿದ್ದನೋ ಇಲ್ಲವೋ. ಬಡಿಗನು ಉಳಿಯಿಂದ ಕೆತ್ತಿ ನೋಡಿ ಗಟ್ಟಿಯಾಗಿದೆಯೆಂದನು. ಸಾಗವಾನಿಯ ಕೆಚ್ಚಿಗೆ ಗೆದ್ದಲು ಸುಲಭವಾಗಿ ಹತ್ತದು. ಅಂಗಡಿಯ ಸೋಫಾಗಳಲ್ಲಿ ಹೊದಿಕೆಯ ಒಳಗೆ ಯಾವ ಕಟ್ಟಿಗೆಯಿದೆಯೆಂದು ಕಾಣುವದಿಲ್ಲ. ಕೊಳ್ಳುವವರು ಬುಡಮೇಲು ಮಾಡಿಸಿ, ಅಡಿಯ ಬಟ್ಟೆ ಸರಿಸಿ ನೋಡಲು ನಾಚಬಾರದು.

ಬಡಿಗನು ಮೊದಲು ಕೇಳಿದುದು, ಕೂಡ್ರುವವರು ಯಾರೆಂದು. ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಮ್ಮ ಮನೆಯಾಕೆಯನ್ನು ಸ್ಟೂಲಿನ ಮೇಲೆ ಕೂಡ್ರಿಸಿ, ಹಿಮ್ಮಡಿಯಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಅಳೆದನು: ೧೬ ಅಂಗುಲ. ಮೊಣಕಾಲು ನೋಯುವವರ ಆಸನವು ಈ ಅಳತೆಗಿಂತ ಎರಡು ಮೂರು ಅಂಗುಲ ಎತ್ತರವಿದ್ದರೆ ಏಳುವದು ಹಗುರ. ಆದುದರಿಂದ ಅವಳ ಕುರ್ಚಿ, ಗಾದಿ ಅದುಮಿದ ಮೇಲೆ ೧೯ ಅಂಗುಲ. ಊರಿ ಏಳಲು ಎರಡು ಗಟ್ಟಿ ತೋಳುಗಳು. ಕೆಳಗೆ ಕಸಬರಿಗೆಯೂ ಕೈಯೂ ಸಲೀಸಾಗಿ ಹೋಗುವಷ್ಟು ತೆರವು.

ತಾಯಿಯವರ ಲೆಕ್ಕ ಬೇರೆ. ಎಂಬತ್ತನ್ನು ದಾಟಿದರೂ ಅವರು ಕಾಲು ಇಳಿಬಿಟ್ಟು ಕೂಡ್ರುವವರಲ್ಲ. ಎಲ್ಲಿ ಕುಳಿತರೂ ಚಕ್ಕಳಮಕ್ಕಳ ಹಾಕಲೇಬೇಕು. ನಮ್ಮ ಹಿರಿಯರಲ್ಲಿ ಬಹುಮಂದಿ ಹೀಗೆಯೇ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ (೧೮೮೬–೧೯೫೨) ಪುಣ್ಯಸ್ಮರಣೆಯ ಸಂಗೀತೋತ್ಸವಕ್ಕೆ ಹೋದವರು ನೋಡಿರಬಹುದು: ಹಾಸಿದ ನೆಲದ ಮೇಲೆ ಜನ ರಾತ್ರಿಯೆಲ್ಲ ಕೂಡ್ರುತ್ತಾರೆ, ಕಾಲು ಬದಲಿಸುತ್ತಾರೆ, ತುಸು ಒರಗುತ್ತಾರೆ, ಮತ್ತೆ ನೆಟ್ಟಗಾಗುತ್ತಾರೆ. ಅಂಗಡಿಯ ಸೋಫಾ ನಮ್ಮನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವದು. ಅದಕ್ಕಾಗಿ ದೊಡ್ಡ ಆಸನವನ್ನು ೨೬ ಅಂಗುಲ ಆಳ ಮಾಡಿಸಿ, ಕಾಲಿಳಿಬಿಟ್ಟು ಕೂಡ್ರುವವರಿಗೆ ಬೆನ್ನ ಹಿಂದೆ ಲೋಡು ಇಟ್ಟೆವು. ಮಧ್ಯದಲ್ಲಿ ತೋಳಿಲ್ಲ, ತುದಿಯಲ್ಲಿಯೂ ತೋಳಿಲ್ಲ, ಮಲಗಬೇಕೆಂದವರು ಮಲಗಲೂಬಹುದು. ಹೀಗೆ ಇಬ್ಬರಿಗೆ ಎರಡು ಬಗೆಯ ಆಸನಗಳಾದವು. ಒಂದೇ ಅಚ್ಚಿನ ‘ಸೆಟ್ಟು’ ಎಂಬದು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದಂತೆ. ಎಲ್ಲವೂ ಬಿಡಿಭಾಗಗಳಾಗಿ ಮುಂಬಾಗಿಲಿನಿಂದಲೇ ಬಂದವೆಂಬದನ್ನು ಹೇಳದೆ ಇರಲಾರೆವು.

ಮೆತ್ತೆಗೆ ಏನು ತುಂಬಬೇಕೆಂಬದು ಮುಂದಿನ ಚರ್ಚೆ. ಸ್ಪಂಜಿಗೆ ೩೨, ೪೦ ಎಂದು ಅಂಕಗಳಿರುತ್ತವೆ; ಒಂದು ಘನ ಮೀಟರಿನ ತೂಕ ಅಷ್ಟು ಕಿಲೋ ಎಂದರ್ಥ. ಅಂಕ ಹೆಚ್ಚಾದಷ್ಟು ಬಾಳಿಕೆ ಹೆಚ್ಚು. ಆದರೆ ಅದು ಗಟ್ಟಿತನದ ಅಳತೆಯಲ್ಲ, ಗಟ್ಟಿತನವನ್ನು ಕುಳಿತೇ ನೋಡಬೇಕು. ಮೊಣಕಾಲಿನ ಕುರ್ಚಿಗೆ ಮಾತ್ರ ೪೦ರ ಸ್ಪಂಜು ಹಾಕಿಸಿದೆವು. ದೊಡ್ಡದಕ್ಕೆ ಹತ್ತಿಯ ಗಾದಿ. ಹತ್ತಿಯ ಸೀಮೆಯಲ್ಲಿದ್ದು ಹತ್ತಿಯನ್ನು ಬಿಟ್ಟರೆ ಹೇಗೆ? ಸ್ಪಂಜು ಕುಸಿದರೆ ಕಸದ ಪಾಲು. ಹತ್ತಿ ಗಂಟುಗಟ್ಟಿದರೆ ಪಿಂಜಾರರು ಮತ್ತೆ ಹಿಂಜಿ ಅರಳಿಸಿ ಕೊಡುತ್ತಾರೆ. ಮಳೆಗಾಲದ ಥಂಡಿಗೆ ವಾಸನೆ ಹಿಡಿದರೆ ಮಾಳಿಗೆಯ ಮೇಲೆ ಒಂದು ದಿನದ ಬಿಸಿಲು ಸಾಕು. ಕಲಘಟಗಿಯ ಕಡೆ, ಮಲೆನಾಡಿನ ಅಂಚಿನಲ್ಲಿರುವವರಿಗೆ ಮಳೆ ಹೆಚ್ಚು, ಬಿಸಿಲು ಕಡಿಮೆ. ಅಂಥಲ್ಲಿ ದಪ್ಪ ಗಾದಿಗಿಂತ ಬೆತ್ತದ ನೇಯ್ಗೆಯ ಮೇಲೆ ತೆಳುವಾದ ಮೆತ್ತೆ ಲೇಸು.

ಹೊದಿಕೆಗೆ ಬಿಚ್ಚಿ ಒಗೆಯಲು ಬರುವ ಹತ್ತಿಯ ದಪ್ಪ ಬಟ್ಟೆ. ಅದರ ಮೇಲೆ ನವಲಗುಂದದ ಜಮಖಾನೆ. ಮುಸಲ್ಮಾನ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ನೇಯುವ ಈ ಜಮಖಾನೆಗೆ ಭೌಗೋಳಿಕ ಸೂಚನೆಯ ಮನ್ನಣೆ ದೊರೆತಿದೆ. ಮಗ್ಗಗಳು ಮಾತ್ರ ಕಡಿಮೆಯಾಗುತ್ತ ನಡೆದಿವೆ. ನವಿಲು, ಪಗಡೆಯ ಹಾಸು ಮೊದಲಾದ ವಿನ್ಯಾಸಗಳು. ಕರಿಮಣ್ಣಿನ ಧೂಳು ಕೂತರೂ ಕೊಡವಿದರೆ ಹೋಗುವದು. ಕಟ್ಟೆಯ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ, ಅದರ ಮೇಲೂ ಹಳೆಯ ಜಮಖಾನೆಯನ್ನು ಹಾಸಿದೆವು. ಹೊಸ ಆಸನವನ್ನು ಎದುರುಗೋಡೆಗೆ ಇಟ್ಟೆವು. ಹಳೆಯ ಸೆಟ್ಟು ಎತ್ತುಗಳ ಬಾಗಿಲಿನಿಂದ ಹಿತ್ತಲಿಗೆ ಹಿಂತಿರುಗಿತು. ಈಗ ಅದರ ಮೇಲೆ ಬೆಕ್ಕು ಮರಿ ಹಾಕಿದೆ.

ಹೋದ ಮಾರ್ಗಶಿರದಲ್ಲಿ ರೈತನು ಕಡಲೆಯ ಹೊಲದ ಸುದ್ದಿ ಹೇಳಲು ಬಂದನು. ನಾವು ಹೊಸ ಆಸನದ ಮೇಲಿದ್ದೆವು. ಏನು ಹೇಳಬೇಕೆಂದು ತೋಚದೆ ಬದಿಯ ಜಾಗವನ್ನು ಅಂಗೈಯಿಂದ ತಟ್ಟಿದೆವು. ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಹಾಸಹೋದನು. ಆ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ತಾಯಿಯವರು, “ಜಮಖಾನಿ ಒಗಿಲಿಕ್ಕೆ ಬರ್ತದಪಾ, ಕೂಡು” ಎಂದರು. ಕುಳಿತನು. ಕುಳಿತವನು ಅಂಚಿನ ಕಟ್ಟಿಗೆಯ ಮೇಲೆ ಕೈಯಾಡಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ, ಬಗ್ಗಿ ಅದರಲ್ಲಿದ್ದ ಹಳೆಯ ಮೊಳೆಯ ತೂತನ್ನು ನೋಡಿ, “ಇದು ನಿಮ್ಮ ದನದ ಮನಿ ತೊಲಿ ಅಲ್ಲೇನ್ರಿ ಮಾಸ್ತರ? ಇದಕ್ಕ ಕಂದೀಲಾ ಸಿಗಸ್ತಿದ್ನಿ ನಾ” ಎಂದನು. ಬಳಿಕ ಕಡಲೆಯ ಮಾತು ಹೊರಟಿತು. ಈ ಸಲ ಕಾಯಿಕೊರಕ ಹುಳದ ಕಾಟ ಕಡಿಮೆಯಂತೆ.