ಬೇಪೂರಿನಲ್ಲಿ ಒಂದು ದಿನ

ಕಳೆದ ಪುಷ್ಯಮಾಸದಲ್ಲಿ ನಿವೃತ್ತ ಉಪಾಧ್ಯಾಯರಾದ ನಾವು ನಾಲ್ವರು ಮಿತ್ರರು ಮಂಗಳೂರಿನಲ್ಲಿ ಮುಂಜಾನೆಯ ರೈಲನ್ನೇರಿ ಕೋಳಿಕ್ಕೋಡಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರು ದೂರದ ಬೇಪೂರನ್ನು ಸೇರಿದೆವು. ಚಾಲಿಯಾರ್ ನದಿಯು ಸಮುದ್ರವನ್ನು ಕೂಡುವ ಸ್ಥಳವದು. ಅರಬರೊಡನೆ ವ್ಯಾಪಾರ ನಡೆದ ಕಾಲದಿಂದಲೂ ‘ಉರು’ ಎಂಬ ಮರದ ಹಡಗುಗಳನ್ನು ಅಲ್ಲಿ ಕಟ್ಟುತ್ತ ಬಂದಿರುವರು. ನಿಲಂಬೂರಿನ ಕಾಡಿನ ತೇಗವು ಹಿಂದೆ ಆ ಹೊಳೆಯಲ್ಲಿಯೇ ತೇಲಿಬರುತ್ತಿತ್ತು.

ತೀರದ ಚಪ್ಪರದ ಕೆಳಗೆ ಅರ್ಧ ಮುಗಿದ ಉರುವೊಂದು ನಿಂತಿತ್ತು. ಪಾಠಶಾಲೆಯಲ್ಲಿ ಓದಿದವನೆಂಬ ಅಭಿಮಾನವು ನನ್ನಲ್ಲಿ ಇನ್ನೂ ಇಳಿದಿಲ್ಲ. ಅಯಸ್ಕಾಂತವು ಸೆಳೆದೀತಾದುದರಿಂದ ಕಡಲ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದೆಂಬ ವಿಧಿಯು ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವಿನಲ್ಲಿ ಇರುವುದೆಂದು ನಾನು ವಿವರಿಸತೊಡಗಿದೆನು. ಕಾಸರಗೋಡಿನ ಮಿತ್ರರು ಅದನ್ನು ಮಲೆಯಾಳದಲ್ಲಿ ತಿಳಿಸಲಾಗಿ, ವೃದ್ಧ ಮೇಸ್ತ್ರಿಗಳು ನಕ್ಕರು. “ಮಾಷೇ, ಹಿಂದೆ ತೆಂಗಿನ ಹುರಿಯಿಂದ ಹಲಗೆಗಳನ್ನು ಹೊಲಿಯುತ್ತಿದ್ದುದು ನಿಜ. ಈಗ ಕಬ್ಬಿಣವನ್ನೇ ಹೊಡೆಯುತ್ತೇವೆ. ಯಾವ ಕಲ್ಲೂ ಸೆಳೆದಿಲ್ಲ” ಎಂದರು.

ನಕ್ಷೆ ಎಲ್ಲಿದೆಯೆಂದು ಕೇಳಿದೆವು. ಅವರು ತಮ್ಮ ಹಣೆಯನ್ನು ಮುಟ್ಟಿ ತೋರಿಸಿದರು. ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ಗುರುವಿನ ಪಕ್ಕದಲ್ಲಿ ನಿಂತು ಕಣ್ಣಿನಿಂದಲೂ ಕೈಯಿಂದಲೂ ಕಲಿತ ಲೆಕ್ಕವದು. ಒಬ್ಬ ತರುಣನು ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಹಲಗೆಗಳ ಸಂದಿಗೆ ಬಡಿದು ತುಂಬುತ್ತಿದ್ದನು. ಎಲ್ಲ ಮುಗಿದ ಮೇಲೆ ಖಲಾಸಿಗಳು ಹಗ್ಗ, ರಾಟೆ, ಉರುಳುಮರಗಳಿಂದ ಈ ಮಹಾಭಾರವನ್ನು ನೀರಿಗಿಳಿಸುವರಂತೆ.

ಆ ತರುಣನ ಕೈಗಳನ್ನು ನೋಡುತ್ತಿದ್ದಂತೆ ನನಗೆ ಮತ್ತೊಬ್ಬನ ನೆನಪಾಯಿತು. 35 ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಆಚಾರಿಯೊಬ್ಬರ ಮಗನಿದ್ದನು. ಅವನಿಗೆ ರಾಮಶಬ್ದವು ಬಾಯಿಗೆ ಬಾರದು. ಹಿಂದಿನ ಬೆಂಚಿನಲ್ಲಿ ಕುಳಿತು ಮರದ ತುಂಡಿನಲ್ಲಿ ದೋಣಿಯನ್ನು ಕೆತ್ತುತ್ತಿದ್ದನು. ಒಂದು ದಿನ ನಾನು ಅದನ್ನು ಕಿತ್ತು ಕಿಟಕಿಯಾಚೆಗೆ ಎಸೆದು, “ನಿನಗೆ ವಿದ್ಯೆ ಹತ್ತದು” ಎಂದೆನು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ.

ವಿದ್ಯೆಯೆಂದರೆ ಕಂಠಸ್ಥವಾದುದು ಎಂದು ತಿಳಿದಿದ್ದೆನು. ಹಸ್ತಸ್ಥವಾದುದೂ ವಿದ್ಯೆಯೆಂದು ತಿಳಿಯುವುದಕ್ಕೆ ನಾನು ಬೇಪೂರಿಗೆ ಹೋಗಬೇಕಾಯಿತು.

ಹೊರಡುವಾಗ ಆ ತರುಣನ ಹೆಸರನ್ನು ಕೇಳಿಕೊಂಡೆನು. ಹಿಂದಿರುಗುವ ರೈಲಿನಲ್ಲಿ ಮಿತ್ರರು ನಿದ್ರಿಸಿದರು. ಅಮರಕೋಶವು ಇಂದಿಗೂ ತಪ್ಪದೆ ಬಾಯಿಗೆ ಬರುವ ನನಗೆ, ಮಂಗಳೂರು ಮುಟ್ಟುವವರೆಗೂ ನನ್ನ ಆ ಶಿಷ್ಯನ ಹೆಸರು ನೆನಪಾಗಲಿಲ್ಲ.