ಪುವಾಸ, ರೋಜಾ, ಉಪವಾಸ

ಕಳೆದ ರಮ್ಜಾನ್‌ನಲ್ಲಿ ನಮ್ಮ ನಾನಿ ಉಮ್ರಾ ಮುಗಿಸಿ ಬಂದಾಗ ಖರ್ಜೂರ, ಜಮ್‌ಜಮ್ ನೀರಿನ ಜೊತೆಗೆ ಒಂದು ಹೊಸ ಪದವನ್ನೂ ತಂದಿದ್ದರು. ಮದೀನಾದಲ್ಲಿ ಇಫ್ತಾರ್‌ಗೆ ಕುಳಿತಾಗ ಪಕ್ಕದಲ್ಲಿದ್ದ ಇಂಡೋನೇಷ್ಯಾದ ಹೆಂಗಸು ಇವರನ್ನು "ಪುವಾಸ?" ಎಂದು ಕೇಳಿದರಂತೆ. ನಾನಿಗೆ ಅರ್ಥವಾಗಲಿಲ್ಲ. ಆಕೆ ಬಾಯಿ ಮುಚ್ಚಿ, ಹೊಟ್ಟೆ ಮುಟ್ಟಿ ತೋರಿಸಿದ ಮೇಲೆ "ಹಾಂ, ರೋಜಾ!" ಎಂದರಂತೆ. ಇಬ್ಬರೂ ನಕ್ಕು ಖರ್ಜೂರ ಹಂಚಿಕೊಂಡರಂತೆ.

ಆ ಪದ ಎಲ್ಲಿಂದ ಬಂತು ಎಂದು ಹುಡುಕಿದೆ. ‘ಪುವಾಸ’ ಸಂಸ್ಕೃತದ ‘ಉಪವಾಸ’ದಿಂದ ಬಂದದ್ದು! ಇಟ್ಟಮಡುವಿನ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಆಂಟಿ ಪ್ರತಿ ರಮ್ಜಾನ್‌ನಲ್ಲೂ "ಇವತ್ತೂ ಉಪವಾಸಾನಾ? ನೀರೂ ಕುಡಿಯಲ್ವಾ?" ಎಂದು ಕೇಳುತ್ತಾರೆ. ಆಂಟಿಯ ಪದವೂ ಮದೀನಾದ ಆ ಹೆಂಗಸಿನ ಪದವೂ ಒಂದೇ.

ಇಂಡೋನೇಷ್ಯಾದಲ್ಲಿ 20 ಕೋಟಿಗೂ ಹೆಚ್ಚು ಮುಸ್ಲಿಮರಿದ್ದಾರೆ. ಅವರ ದೇಶಭಾಷೆ ಮಲಯ್ ಭಾಷೆಯ ಒಂದು ರೂಪ. ಅದು ಅರಬಿಗೂ ಸಂಸ್ಕೃತಕ್ಕೂ ಹುಟ್ಟಿನಿಂದ ನೆಂಟನಲ್ಲ. ಅದರ ಕುಟುಂಬದ ಹೆಸರು ಆಸ್ಟ್ರೋನೇಷ್ಯನ್. ಸುಮಾರು 1200 ಭಾಷೆಗಳ ದೊಡ್ಡ ಕುಟುಂಬ ಇದು. ಸುಮಾರು 5000 ವರ್ಷಗಳ ಹಿಂದೆ ತೈವಾನ್ ದ್ವೀಪದಿಂದ ದೋಣಿಗಳಲ್ಲಿ ಹೊರಟವರ ಮಕ್ಕಳು, ಮೊಮ್ಮಕ್ಕಳು ಪೂರ್ವಕ್ಕೆ ಹವಾಯಿ, ಈಸ್ಟರ್ ದ್ವೀಪದವರೆಗೆ, ಪಶ್ಚಿಮಕ್ಕೆ ಆಫ್ರಿಕಾ ಪಕ್ಕದ ಮಡಗಾಸ್ಕರ್‌ವರೆಗೆ ಹರಡಿದರು. ‘ಐದು’ ಎನ್ನಲು ಮಲಯ್‌ನಲ್ಲಿ ‘ಲಿಮ’, ಹವಾಯಿಯಲ್ಲೂ ‘ಲಿಮ’, ನ್ಯೂಜಿಲೆಂಡಿನ ಮಾವೋರಿಯಲ್ಲಿ ‘ರಿಮ’, ಮಡಗಾಸ್ಕರ್‌ನಲ್ಲಿ ‘ದಿಮಿ’. ಮಡಗಾಸ್ಕರ್‌ನ ಭಾಷೆಗೆ ಹತ್ತಿರದ ನೆಂಟರು ಆಫ್ರಿಕಾದಲ್ಲಿಲ್ಲ, ಹಿಂದೂ ಮಹಾಸಾಗರದ ಆಚೆ ಬೋರ್ನಿಯೋದಲ್ಲಿದ್ದಾರೆ.

ಮೂಳೆ ಅವರದೇ ಆದರೂ ಮಲಯ್ ಭಾಷೆ ಬಂದ ವ್ಯಾಪಾರಿಗಳಿಂದೆಲ್ಲ ಪದ ತೆಗೆದುಕೊಂಡಿತು. ಕಾಮರ್ಸ್ ಓದುವ ನಮಗೆ ಇದು ಖುಷಿಯ ವಿಷಯ. ಅಲ್ಲಿ ‘ಲಾಬ’ ಎಂದರೆ ಲಾಭ. ‘ಹರ್ಗ’ ಎಂದರೆ ಬೆಲೆ, ಸಂಸ್ಕೃತದ ‘ಅರ್ಘ’ದಿಂದ. ಬಂಡವಾಳಕ್ಕೆ ‘ಮೋದಲ್’, ತಮಿಳಿನ ‘ಮುದಲ್’ನಿಂದ. ಅದು ನಮ್ಮ ‘ಮೊದಲು’ ಪದದ ತಂಗಿ. ಷೇರಿಗೆ ‘ಸಾಹಂ’, ಅರಬಿಯಿಂದ. ಮಾರುಕಟ್ಟೆಗೆ ‘ಪಾಸರ್’, ವರ್ತಕನಿಗೆ ‘ಸೌದಾಗರ್’, ಎರಡೂ ಫಾರಸಿಯಿಂದ. ಒಂದು ಬ್ಯಾಲೆನ್ಸ್ ಶೀಟಿನಲ್ಲಿ ಇಷ್ಟು ಊರಿನವರು ಕೂತಿದ್ದಾರೆ.

ಇನ್ನೂ ಆಶ್ಚರ್ಯವಾದದ್ದು ಧರ್ಮದ ಪದಗಳು. ಅಲ್ಲಿನ ಮುಸ್ಲಿಮರು ಮಸ್ಜಿದ್, ಕಿತಾಬ್, ದುನಿಯಾ ಎನ್ನುತ್ತಾರೆ. ಜೊತೆಗೆ ಜನ್ನತ್‌ಗೆ ‘ಸುರ್ಗ’, ಜಹನ್ನಮ್‌ಗೆ ‘ನರಕ’, ಗುನಾಹ್‌ಗೆ ‘ದೋಸ’ (ಅಂದರೆ ದೋಷ, ದೋಸೆಯಲ್ಲ!), ಸವಾಬ್‌ಗೆ ‘ಪಹಾಲ’, ಅಂದರೆ ಫಲ ಎನ್ನುತ್ತಾರೆ. ಇದರಿಂದ ಅವರ ರೋಜಾ ಏನೂ ಕಡಿಮೆಯಾಗಿಲ್ಲ. ಹಾಗೆ ನೋಡಿದರೆ ನಾವು ಹೇಳುವ ‘ರೋಜಾ’, ‘ನಮಾಜ್’ ಕೂಡ ಅರಬಿಯವಲ್ಲ, ಫಾರಸಿಯವು. ಅರಬಿಯಲ್ಲಿ ಸೌಮ್, ಸಲಾತ್. ಇರಾನಿನವರು ತಮ್ಮ ಪದ ಬಿಡಲಿಲ್ಲ, ಮಲಯ್‌ನವರು ತಮ್ಮ ಪದ ಬಿಡಲಿಲ್ಲ.

ಈ ಭಾಷೆ ಕರ್ನಾಟಕಕ್ಕೆ ತೀರಾ ದೂರದ್ದೂ ಅಲ್ಲ. 1997ರಲ್ಲಿ ಮೆಲಕಾ ಮಣಿಪಾಲ್ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಹಲವು ವರ್ಷ ಮಲೇಷ್ಯಾದ ವಿದ್ಯಾರ್ಥಿಗಳು ಮೊದಲ ಅರ್ಧ ಮಣಿಪಾಲದಲ್ಲಿ, ಉಳಿದ ಅರ್ಧ ಮೆಲಕಾದಲ್ಲಿ ಓದಿದರು. ಏಕಾದಶಿಗೆ ಉಪವಾಸ ಮಾಡುವ ಉಡುಪಿಯ ಪಕ್ಕದಲ್ಲೇ ‘ಪುವಾಸ’ ಎನ್ನುವವರೂ ಇದ್ದರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಪಿಯುಗೆ ಸೇರುವಾಗ ನಾನು ಭಾಷಾ ವಿಷಯವಾಗಿ ಕನ್ನಡ ಆರಿಸಿಕೊಂಡೆ. ಮನೆಗೆ ಬಂದ ಬಂಧುಗಳು "ನಮ್ಮ ಜಬಾನ್ ಉರ್ದು, ಕನ್ನಡ ಯಾಕೆ?" ಎಂದರು. ಹೊರಗೆ ಹೋದರೆ "ಪರವಾಗಿಲ್ಲ, ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!" ಎಂದು ಬೆರಗಾಗುತ್ತಾರೆ. ಒಬ್ಬರದು ದೂರು, ಇನ್ನೊಬ್ಬರದು ಹೊಗಳಿಕೆ. ಆದರೆ ಇಬ್ಬರ ಮನಸ್ಸಿನಲ್ಲಿರುವುದೂ ಒಂದೇ: ಒಂದು ಧರ್ಮಕ್ಕೆ ಒಂದು ಭಾಷೆ. ಇಟ್ಟಮಡು ಪಕ್ಕದ ಪದ್ಮನಾಭನಗರದಲ್ಲೇ ಕೆ.ಎಸ್. ನಿಸಾರ್ ಅಹಮದ್ ಇದ್ದರು. 2006ರ ಶಿವಮೊಗ್ಗ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೂ ಆ ಎರಡು ಮಾತು ನಿಂತಿಲ್ಲ.

ಇಂಡೋನೇಷ್ಯಾದವರು ಇದಕ್ಕೆ ಒಂದು ಉತ್ತರ ಕಂಡುಕೊಂಡರು. 1928ರ ಅಕ್ಟೋಬರ್ 28ರಂದು ಅಲ್ಲಿನ ಯುವಕರು ಸೇರಿ, ನಮ್ಮ ಐಕ್ಯದ ಭಾಷೆ ಇದು ಎಂದು ಪ್ರತಿಜ್ಞೆ ಮಾಡಿದರು. ಆರಿಸಿದ್ದು ಅತಿ ಹೆಚ್ಚು ಜನರ ಮನೆಮಾತಾಗಿದ್ದ ಜಾವಾ ಭಾಷೆಯನ್ನಲ್ಲ, ಬಂದರು ಬಂದರುಗಳಲ್ಲಿ ವ್ಯಾಪಾರಕ್ಕೆ ಬಳಕೆಯಲ್ಲಿದ್ದ ಮಲಯ್ ಭಾಷೆಯನ್ನು. ಮನೆಯಲ್ಲಿ ಜಾವಾ, ಸುಂಡಾ. ಹೊರಗೆ ಎಲ್ಲರಿಗೂ ಸೇರಿದ ಇನ್ನೊಂದು. ನನಗೆ ಕನ್ನಡ ಹಾಗೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಂಟಿಯ ಜೊತೆ, ಈ ಲೇಖನದಲ್ಲಿ ಅದು ನನ್ನದೂ ಹೌದು.

ಹಾಗೆಂದು ಮನೆಯ ಭಾಷೆ ಬಿಡಬಾರದು. ಈ ಕುಟುಂಬದ ತವರಾದ ತೈವಾನ್‌ನಲ್ಲೇ ಮೂಲನಿವಾಸಿಗಳ ಎಷ್ಟೋ ಮಕ್ಕಳು ಇಂದು ಚೀನೀ ಭಾಷೆಯನ್ನಷ್ಟೇ ಆಡುತ್ತಾರೆ. ನ್ಯೂಜಿಲೆಂಡಿನ ಮಾವೋರಿಗಳು ಈ ಅಪಾಯ ಕಂಡು 1982ರಲ್ಲಿ ‘ಭಾಷೆಯ ಗೂಡು’ ಎಂಬ ಶಿಶುವಿಹಾರ ಶುರುಮಾಡಿದರು. ಅಲ್ಲಿ ಅಜ್ಜಿ, ತಾತಂದಿರು ಪುಟ್ಟ ಮಕ್ಕಳ ಜೊತೆ ಮಾವೋರಿಯಲ್ಲೇ ಮಾತಾಡುತ್ತಾರೆ. ದುಡ್ಡಿಗಿಂತ ಹೆಚ್ಚಾಗಿ ಸಮಯ ಬೇಡುವ ಕೆಲಸ ಇದು.

ನಮ್ಮ ಕಾಲೇಜಿನಲ್ಲಿ ಉರ್ದು, ಬ್ಯಾರಿ, ತಮಿಳು, ಮಲಯಾಳಂ ಮನೆಮಾತಿನವರು ಇದ್ದೇವೆ. ಮುಂದಿನ ಸಂಚಿಕೆಗೆ ಎಲ್ಲರೂ ಮನೆಯ ಹಿರಿಯರನ್ನು ಕೇಳಿ, ಪುಸ್ತಕದಲ್ಲಿ ಸಿಗದ ಹತ್ತು ಪದಗಳನ್ನು ಕನ್ನಡ ಲಿಪಿಯಲ್ಲಿ ಅರ್ಥದೊಂದಿಗೆ ಬರೆದು ಕೊಟ್ಟರೆ ಒಂದು ಪುಟ ತುಂಬುತ್ತದೆ. ಮೊದಲ ಹತ್ತು ಪದ ನಾನು ಕೊಡುತ್ತೇನೆ.